ಕೊಂದವರ ಹೆಸರು, ಕಾಣೆಯಾದವರ ಹೆಸರು

ಶ್ರಾವಣದ ಮೊದಲ ವಾರದಲ್ಲಿ ಗೋಕಾಕದ ಕಡೆಗೆ ಹೋಗುವ ಯೋಗ ಒದಗಿತು. ಹುಕ್ಕೇರಿಯಲ್ಲಿರುವ ನನ್ನ ದೊಡ್ಡವ್ವನನ್ನು ಕಂಡು ಬಾರೆಂದು ತಾಯಿಯವರು ಬಹು ದಿನಗಳಿಂದ ಹೇಳುತ್ತಿದ್ದರು. ನಾನು ಒಂದಲ್ಲ ಒಂದು ನೆಪ ಒಡ್ಡಿ ಆ ಪಯಣವನ್ನು ಮುಂದಕ್ಕೆ ಹಾಕುತ್ತಲೇ ಬಂದಿದ್ದೆನು. ಈ ಸಲ ಕಾಲೇಜಿಗೆ ಮೂರು ದಿನ ರಜೆ ಬಂದಿತು. ನನ್ನ ನೆಪಗಳೂ ತೀರಿದ್ದವು. ಧಾರವಾಡದಿಂದ ಹೊರಟು, ಗೋಕಾಕದ ಗೆಳೆಯರ ಮನೆಯಲ್ಲಿ ಒಂದು ರಾತ್ರಿ ಕಳೆದು, ಮರುದಿನ ಮೂಡಲಗಿಯಲ್ಲಿ ಸಣ್ಣಾಟದ ಹಿರಿಯ ಕಲಾವಿದರೊಬ್ಬರನ್ನು ಕಂಡು, ಸಂಜೆಯೊಳಗಾಗಿ ಹುಕ್ಕೇರಿ ಸೇರುವುದೆಂದು ನಿಶ್ಚಯಿಸಿದೆನು. ನೇರವಾಗಿ ಹುಕ್ಕೇರಿಗೇ ಹೋಗಬಹುದಾಗಿತ್ತು. ಆದರೂ ಸುತ್ತು ದಾರಿಯೇ ಹಿತವೆನಿಸಿತು. ಅದರ ಕಾರಣ ವಾಚಕರಿಗೆ ಮುಂದೆ ತಾನಾಗಿಯೇ ತಿಳಿಯುವುದು.

ಗೋಕಾಕದ ಜಲಪಾತವನ್ನು ಕಣ್ಣು ಕಾಣುವ ಮೊದಲೇ ಕಿವಿ ಕಾಣುತ್ತದೆ. ಕುದುರೆಯ ಲಾಳದಂತೆ ಬಾಗಿದ ಬಂಡೆಯಂಚಿನಿಂದ ಘಟಪ್ರಭೆಯು ಸುಮಾರು ೧೭೦ ಅಡಿ ಕೆಳಕ್ಕೆ ಧುಮುಕುತ್ತಾಳೆ. ಮಳೆಗಾಲದಲ್ಲಿ ನೀರಿಗೆ ಕೆಮ್ಮಣ್ಣಿನ ಬಣ್ಣ; ಕೆಳಗಿನಿಂದ ಏಳುವ ತುಂತುರು ಹೊಗೆಯಂತೆ ದಂಡೆಯನ್ನೆಲ್ಲ ಮುಸುಕುತ್ತದೆ. ನದಿಗೆ ಅಡ್ಡಲಾಗಿ ೨೦೦ ಮೀಟರಿಗೂ ಮಿಕ್ಕ ಉದ್ದದ ತೂಗುಸೇತುವೆ. ದಂಡೆಯಲ್ಲಿ ಚಾಲುಕ್ಯರ ಕಾಲದ ಗುಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ನೀರಿನ ಬಲವನ್ನೇ ನಂಬಿ ಕಟ್ಟಿದ ನೂಲಿನ ಗಿರಣಿ. ಇಷ್ಟನ್ನೂ ಒಂದೇ ಕಡೆಗೆ ನಿಂತು ನೋಡಬಹುದಾದ ತಾಣ ನಮ್ಮ ನಾಡಿನಲ್ಲಿ ವಿರಳವೆಂದೇ ಹೇಳಬೇಕು.

ತುಂತುರಿನಲ್ಲಿ ತೋಯ್ದು ಚಹದ ಅಂಗಡಿಯ ಆಸರೆಗೆ ಬಂದೆನು. ಬೆಂಗಳೂರಿನಿಂದ ಬಂದಿದ್ದ ಕುಟುಂಬವೊಂದು ಅಲ್ಲಿ ಮಿರ್ಚಿ ಭಜಿ ತಿನ್ನುತ್ತ ಕುಳಿತಿತ್ತು. ಹನ್ನೆರಡು ಹದಿಮೂರರ ಹುಡುಗನೊಬ್ಬನು ಜಲಪಾತಕ್ಕೆ ಬೆನ್ನು ಮಾಡಿ ಮೊಬೈಲಿನಲ್ಲಿ ಮುಳುಗಿದ್ದನು. ಅದರೊಳಗಿಂದ ಗಂಭೀರ ಕಂಠವೊಂದು, ಹಿನ್ನೆಲೆಯ ವಾದ್ಯದೊಂದಿಗೆ, ಸರಣಿ ಕೊಲೆಗಾರನೊಬ್ಬನ ಚರಿತ್ರೆಯನ್ನು ಹೇಳುತ್ತಿತ್ತು. "ಸೌಂಡ್ ಕಡಿಮೆ ಮಾಡೋ" ಎಂದು ತಾಯಿ ಗದರಿಸಿದಳೇ ಹೊರತು ಕಥೆಯನ್ನು ನಿಲ್ಲಿಸೆನ್ನಲಿಲ್ಲ. ಮೇಷ್ಟರ ಚಾಳಿ ಬಿಡದು. ನಾನು ಅವನನ್ನು ಮಾತಿಗೆಳೆದೆನು. ಕ್ರಿಕೆಟ್ ಆಟಗಾರರ ಪಟ್ಟಿಯನ್ನು ಒಪ್ಪಿಸುವಂತೆ ಅವನು ಒಪ್ಪಿಸಿದನು: ಮುಂಬಯಿಯ ರಾಮನ್ ರಾಘವ್, ಮಂಗಳೂರು ಕಡೆಯ ಸೈನೈಡ್ ಮೋಹನ್, ದಂಡುಪಾಳ್ಯದ ತಂಡ, ಲಂಡನ್ನಿನ ಜ್ಯಾಕ್. ಯಾರು ಯಾವ ಊರಿನವರು, ಎಷ್ಟು ಜನರನ್ನು ಕೊಂದರು, ಹೇಗೆ ಸಿಕ್ಕಿಬಿದ್ದರು, ಎಲ್ಲವೂ ಅವನಿಗೆ ಕಂಠಪಾಠ.

"ಸತ್ತವರಲ್ಲಿ ಒಬ್ಬರ ಹೆಸರು ಹೇಳು, ನೋಡೋಣ" ಎಂದೆನು.

ಹುಡುಗನು ಪ್ರಾಮಾಣಿಕ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದನು: "ಅವ್ರ ಹೆಸರು ಹೇಳಲ್ಲ ಅಂಕಲ್. ಎಷ್ಟು ಜನ ಅಂತ ಮಾತ್ರ ಹೇಳ್ತಾರೆ."

ಆ ಮಾತು ದಿನವಿಡೀ ನನ್ನ ಬೆನ್ನು ಬಿಡಲಿಲ್ಲ.

ಗೋಕಾಕದ ಪೇಟೆಯಲ್ಲಿ ಕರದಂಟು ಕೊಳ್ಳುವಾಗಲೂ ಅದನ್ನೇ ಯೋಚಿಸುತ್ತಿದ್ದೆನು. ಒಂದೊಂದು ಊರಿನ ಹೆಸರಿಗೆ ಒಂದೊಂದು ಭಾಗ್ಯ. ಗೋಕಾಕ ಎಂದರೆ ಬಾಯಲ್ಲಿ ನೀರೂರಿಸುವ ಅಂಟು, ಉತ್ತತ್ತಿ, ಗೋಡಂಬಿಗಳ ಕರದಂಟು. ಕಣ್ಣಿಗೆ ಹಬ್ಬವಾದ ಜಲಪಾತ. ಕನ್ನಡಿಗರೆಲ್ಲರ ನೆನಪಿನಲ್ಲಿರುವ ಎಂಬತ್ತರ ದಶಕದ ಚಳವಳಿ. ಆ ಚಳವಳಿಗೆ ಹೆಸರು ಕೊಟ್ಟವರು ವಿ. ಕೃ. ಗೋಕಾಕರೇ ಹೊರತು ಊರಲ್ಲ. ಆದರೂ ಕೀರ್ತಿಯ ಒಂದು ಪಾಲು ಊರಿಗೂ ಸಂದಿತು. ಹೊಸಕೋಟೆ ತಾಲ್ಲೂಕಿನ ದಂಡುಪಾಳ್ಯಕ್ಕೆ ಒದಗಿದ ಭಾಗ್ಯ ಬೇರೆ. ದರೋಡೆ, ಕೊಲೆಗಳಿಂದ ಬೆಂಗಳೂರಿನ ಸುತ್ತಮುತ್ತಲನ್ನು ನಡುಗಿಸಿದ ತಂಡವೊಂದಕ್ಕೆ ಆ ಊರಿನ ಹೆಸರು ಅಂಟಿತು. ೨೦೧೨ರಲ್ಲಿ ಅದೇ ಹೆಸರಿನ ಚಲನಚಿತ್ರ ಬಂದಿತು; ಜನ ಮುಗಿಬಿದ್ದು ನೋಡಿದರು; ೨೦೧೭ ಮತ್ತು ೨೦೧೮ರಲ್ಲಿ ಅದರ ಮುಂದಿನ ಭಾಗಗಳೂ ಬಂದವು. ಇಂದು ಯಾರನ್ನಾದರೂ ಬೈಯಬೇಕಾದರೆ "ದಂಡುಪಾಳ್ಯದವರು" ಎನ್ನುವ ರೂಢಿಯೇ ಬೆಳೆದಿದೆ. ಆ ಊರಿನಲ್ಲಿ ಹೊಲ ಉತ್ತು, ಮಕ್ಕಳನ್ನು ಓದಿಸಿ, ಕನ್ಯೆಯನ್ನು ಕೊಡಲು ತರಲು ಓಡಾಡುವ ಗೃಹಸ್ಥನು ತನ್ನ ಊರಿನ ಹೆಸರನ್ನು ಹೇಗೆ ಹೇಳಬೇಕು? ಕೊಂದವರು ಯಾರದೋ ಪ್ರಾಣವನ್ನು ಕಳೆದರು. ನಾವು ನೋಡಿ ಚಪ್ಪಾಳೆ ಹೊಡೆದು ಒಂದು ಊರಿನ ಹೆಸರನ್ನು ಕಳೆದೆವು.

ಮೂಡಲಗಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಆಸನ ಸಿಕ್ಕಿತು. ಎರಡೂ ಕಡೆ ಆಳೆತ್ತರದ ಕಬ್ಬು, ಗೋವಿನಜೋಳ. ನಡುನಡುವೆ ತುಂಬಿ ಹರಿಯುವ ಕಾಲುವೆ. ಇದು ಬಸವರಾಜ ಕಟ್ಟೀಮನಿಯವರ ಸೀಮೆ. ೧೯೧೯ರಲ್ಲಿ ಅವರು ಹುಟ್ಟಿದ್ದು ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ. ಪತ್ರಿಕೆಯಲ್ಲಿ ದುಡಿದು, ಪತ್ರಿಕೆಯ ಒಳಹೊರಗನ್ನು ಬಲ್ಲ ಅವರು 'ಜ್ವಾಲಾಮುಖಿಯ ಮೇಲೆ' ಕಾದಂಬರಿಯಲ್ಲಿ ಆ ಜಗತ್ತನ್ನೇ ವಸ್ತುವಾಗಿಸಿಕೊಂಡರು. ಅವರ ನೆನಪಿನಲ್ಲಿಯೇ ಆ ದಿನದ ಪತ್ರಿಕೆಯನ್ನು ಬಿಡಿಸಿದೆನು.

ಮುಖಪುಟವನ್ನು ದಾಟಿ, ರಾಜಕೀಯವನ್ನು ದಾಟಿ, ಒಳಪುಟದ ಕೆಳಮೂಲೆಗೆ ಬಂದರೆ ಅಲ್ಲೊಂದು ಪುಟ್ಟ ಪ್ರಕಟಣೆ ಇರುತ್ತದೆ: "ಕಾಣೆಯಾಗಿದ್ದಾರೆ". ಅಂಚೆಚೀಟಿಯಷ್ಟು ಭಾವಚಿತ್ರ. ಎತ್ತರ ಇಷ್ಟು ಅಡಿ, ಗೋಧಿ ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು. ಮನೆಯಿಂದ ಹೋಗುವಾಗ ಉಟ್ಟಿದ್ದ ಸೀರೆಯ ಬಣ್ಣ. ಕನ್ನಡ, ಮರಾಠಿ ಮಾತನಾಡುತ್ತಾಳೆ. ಸುಳಿವು ಸಿಕ್ಕವರು ಠಾಣೆಗೆ ತಿಳಿಸಬೇಕು. ಇಷ್ಟೇ ಸಾಲು. ಓದುಗರಲ್ಲಿ ಎಷ್ಟು ಜನ ಇದನ್ನು ಓದುತ್ತೇವೆ? ನಾನಂತೂ ಬಹಳ ವರ್ಷ ಇದನ್ನು ಓದಬಾರದೆಂದೇ ಪುಟವನ್ನು ಬೇಗನೆ ಮಗುಚುತ್ತಿದ್ದೆನು.

ಮಂಗಳೂರು ಸೀಮೆಯ ಆ ಪ್ರಕರಣವನ್ನು ನೆನೆಯಿರಿ. ೨೦೦೯ರ ಅಕ್ಟೋಬರಿನಲ್ಲಿ ಮೋಹನ ಕುಮಾರನೆಂಬ ಪ್ರಾಥಮಿಕ ಶಾಲೆಯ ಶಿಕ್ಷಕನು ಸೆರೆಸಿಕ್ಕನು. ಮದುವೆಯಾಗುವುದಾಗಿ ನಂಬಿಸಿ, ದೂರದ ಊರಿಗೆ ಕರೆದೊಯ್ದು, ಒಡವೆಯನ್ನು ತೆಗೆದಿರಿಸಿಕೊಂಡು, ಔಷಧವೆಂದು ಹೇಳಿ ವಿಷ ಕೊಟ್ಟು ಇಪ್ಪತ್ತು ಹೆಂಗಸರನ್ನು ಕೊಂದನೆಂಬುದು ಅವನ ಮೇಲಿನ ಆರೋಪವಾಗಿತ್ತು. ಸತ್ತವರಲ್ಲಿ ಹೆಚ್ಚಿನವರು ವರದಕ್ಷಿಣೆ ಕೊಡಲಾರದ ಬಡ ಮನೆಗಳ ಹೆಣ್ಣುಮಕ್ಕಳು. ಊರಿಂದೂರಿನ ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಅವರ ಶವಗಳು ಸಿಕ್ಕಿದ್ದವು. ಗುರುತು ಹಿಡಿಯುವವರಿಲ್ಲದೆ ಅಸಹಜ ಸಾವೆಂದು ಬರೆದು ಕಡತ ಮುಚ್ಚಲಾಗಿತ್ತು. ಬಂಟ್ವಾಳ ತಾಲ್ಲೂಕಿನ ಒಬ್ಬ ತರುಣಿ ಕಾಣೆಯಾದಾಗ ಊರವರು ಬೀದಿಗಿಳಿದು ಪತ್ತೆಗಾಗಿ ಒತ್ತಾಯಿಸಿದರು. ಪೊಲೀಸರು ದೂರವಾಣಿ ಕರೆಗಳ ಜಾಡು ಹಿಡಿದರು. ಒಂದು ಎಳೆಯಿಂದ ಇನ್ನೊಂದು ಎಳೆ ಬಿಚ್ಚುತ್ತ ಇಡೀ ಬಲೆ ಹೊರಬಿತ್ತು.

ಇಪ್ಪತ್ತು ಮನೆಗಳಲ್ಲಿ ಇಪ್ಪತ್ತು ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದ ವರ್ಷಗಳಲ್ಲಿ ಪತ್ರಿಕೆಗಳು ಏಕೆ ಬರೆಯಲಿಲ್ಲ? ಬರೆಯಲು ಸುದ್ದಿಯೇ ಇರಲಿಲ್ಲ. ಎಷ್ಟೋ ಮನೆಯವರು ದೂರು ಕೊಟ್ಟಿರಲಿಲ್ಲ. "ಯಾರ ಸಂಗಡವೋ ಹೋದಳು" ಎಂದು ಊರು ತೀರ್ಮಾನಿಸಿತ್ತು; ಮನೆ ಬಾಗಿಲು ಮುಚ್ಚಿಕೊಂಡಿತ್ತು. ಕೊಂದವನು ವಿಷವನ್ನು ನಂಬಿದ್ದಷ್ಟೇ ನಮ್ಮ ಮರ್ಯಾದೆಯನ್ನೂ ನಂಬಿದ್ದನು. ವಿಷಕ್ಕೆ ಕ್ಷಣಗಳು ಸಾಕಾದವು. ಮರ್ಯಾದೆ ಅವನನ್ನು ವರ್ಷಗಟ್ಟಲೆ ಕಾಪಾಡಿತು.

ಅವನು ಸಿಕ್ಕ ಮೇಲೆ ಮಾತ್ರ ಪ್ರಚಾರಕ್ಕೆ ಬರವಿರಲಿಲ್ಲ. ದೂರದರ್ಶನದ ವಾಹಿನಿಗಳು ಅವನಿಗೆ ಒಂದು ಬಿರುದನ್ನೇ ಕೊಟ್ಟವು. ಅವನು ತನ್ನ ವಾದವನ್ನು ತಾನೇ ಮಂಡಿಸಿದ್ದೂ ಸುದ್ದಿಯಾಯಿತು. ಇತ್ತ ಮಂಗಳೂರಿನ ನ್ಯಾಯಾಲಯದಲ್ಲಿ ಪ್ರಚಾರದ ಸದ್ದಿಲ್ಲದೆ ಬೇರೊಂದು ಕೆಲಸ ನಡೆದಿತ್ತು. ಇಪ್ಪತ್ತು ಪ್ರಕರಣಗಳನ್ನು ಬೇರೆ ಬೇರೆಯಾಗಿಯೇ ವಿಚಾರಿಸಿದರು. ಮೊದಲ ತೀರ್ಪು ೨೦೧೩ರ ಡಿಸೆಂಬರಿನಲ್ಲಿ, ಇಪ್ಪತ್ತನೆಯದು ೨೦೨೦ರಲ್ಲಿ. ಅಷ್ಟು ವರ್ಷ, ಒಬ್ಬೊಬ್ಬ ಹೆಣ್ಣಿನ ಸಾವಿಗೂ ಒಂದೊಂದು ಕಡತ, ಒಂದೊಂದು ಸಾಕ್ಷಿಪಟ್ಟಿ. ಮೇಲಿನ ನ್ಯಾಯಾಲಯ ಒಂದು ಗಲ್ಲುಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು, ಒಂದು ಪ್ರಕರಣದಲ್ಲಿ ಬಿಡುಗಡೆಯನ್ನೂ ಮಾಡಿತು. ನ್ಯಾಯದ ತಕ್ಕಡಿ ಹಾಗೆಯೇ ತೂಗಬೇಕು. ನನಗೆ ದೊಡ್ಡದಾಗಿ ಕಾಣುವುದು ಇದು: "ಇಪ್ಪತ್ತು" ಎಂಬ ಒಂದೇ ಸಂಖ್ಯೆಯಾಗಿದ್ದವರನ್ನು ನ್ಯಾಯಾಲಯವು ಮತ್ತೆ ಒಬ್ಬೊಬ್ಬರನ್ನಾಗಿ ಮಾಡಿತು. ೨೦೨೩ರಲ್ಲಿ ಬಂದ 'ದಹಾಡ್' ಎಂಬ ಹಿಂದಿ ಧಾರಾವಾಹಿಯು ಈ ಪ್ರಕರಣವನ್ನು ನೆನಪಿಗೆ ತರುವ ಕಥೆಯನ್ನು ರಾಜಸ್ಥಾನಕ್ಕೆ ಒಯ್ದು ಹೇಳಿತು. ಅದರ ನಾಯಕಿಯಾದ ಪೊಲೀಸ್ ಅಧಿಕಾರಿಣಿ ಹುಡುಕ ಹೊರಡುವುದು ಯಾರೂ ಲೆಕ್ಕಕ್ಕೆ ಹಿಡಿಯದ, ಕಾಣೆಯಾದ ಹುಡುಗಿಯರನ್ನು ಎಂಬುದು ಅದರ ಹೆಚ್ಚುಗಾರಿಕೆ.

ಮೂಡಲಗಿ ಕೆಲವೇ ವರ್ಷಗಳ ಹಿಂದಿನವರೆಗೂ ಗೋಕಾಕ ತಾಲ್ಲೂಕಿಗೆ ಸೇರಿದ್ದ ಊರು. ಈಗ ತಾನೇ ಒಂದು ತಾಲ್ಲೂಕಿನ ಮುಖ್ಯ ಸ್ಥಳ. ಶ್ರೀಕೃಷ್ಣ ಪಾರಿಜಾತವನ್ನು ಬಯಲಾಟವಾಗಿ ಬೆಳೆಸಿದ ಕುಲಗೋಡ ತಮ್ಮಣ್ಣನ ಕುಲಗೋಡವೂ ಇದೇ ಸೀಮೆಯಲ್ಲಿದೆ. ಇಲ್ಲಿನ ಮಣ್ಣಿನಲ್ಲಿಯೇ ಆಟದ ಹುಚ್ಚು ಇದೆಯೆಂದರೆ ಅತಿಶಯೋಕ್ತಿಯಾಗಲಾರದು. ನಾನು ಕಾಣಬೇಕೆಂದಿದ್ದ ಕಲಾವಿದರು ಎಪ್ಪತ್ತು ದಾಟಿದವರು. ಮನೆಯ ಕಟ್ಟೆಯ ಮೇಲೆ ಕಂಬಳಿ ಹಾಸಿ ಕುಳ್ಳಿರಿಸಿ, ಚಹ ತರಿಸಿ, "ಏನ್ ಕೇಳಾವ್ರದೀರಿ ಕೇಳ್ರಿ ಸರ" ಎಂದರು.

ನಾನು 'ಸಂಗ್ಯಾ ಬಾಳ್ಯಾ'ದ ಮಾತು ತೆಗೆದೆನು. ನಮ್ಮ ಬೆಳಗಾವಿ ಜಿಲ್ಲೆಯ ಬೈಲಹೊಂಗಲದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ನಿಜವಾಗಿ ನಡೆದ ಕೊಲೆಯೊಂದರಿಂದ ಹುಟ್ಟಿದ ಸಣ್ಣಾಟವಿದು. ಶ್ರೀಮಂತನಾದ ಈರ್ಯಾನ ಹೆಂಡತಿ ಗಂಗಿಯನ್ನು ಸಂಗ್ಯಾ ಮೋಹಿಸುತ್ತಾನೆ. ಗೆಳೆಯ ಬಾಳ್ಯಾ ಜೊತೆಗಿರುತ್ತಾನೆ. ಕೊನೆಗೆ ಅದೇ ಬಾಳ್ಯಾ ಗೆಳೆಯನನ್ನು ಶತ್ರುವಿನ ಕೈಗೆ ಒಪ್ಪಿಸುತ್ತಾನೆ. ಕೊಲೆ ಒಂದೇ, ಸರಣಿಯಲ್ಲ. ಆದರೆ ಕೊಲೆಯನ್ನು ನಮ್ಮ ಜನ ಹೇಗೆ ಹೇಳಿಕೊಂಡರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು. ಚಂದ್ರಶೇಖರ ಕಂಬಾರರಂಥವರು ಇದನ್ನು ಸಂಪಾದಿಸಿ ವಿದ್ವಾಂಸರ ಕಣ್ಣಿಗೆ ತಂದರು. ಆದರೆ ಅಂದು ನನಗೆ ಪಾಠ ಹೇಳಿದವರು ಆ ಹಿರಿಯರೇ.

"ನೀವು ಕಲತಾವ್ರು, ನಿಮಗ ನಾ ಏನ್ ಹೇಳ್ಲಿ ಸರ. ಆಟದ ಹೆಸರು ನೋಡ್ರಿ. ಸಂಗ್ಯಾ ಅಂದ್ರ ಸತ್ತಾಂವ. ಬಾಳ್ಯಾ ಅಂದ್ರ ಜೋಡೀಲೆ ಇದ್ದು ಕೈ ಕೊಟ್ಟಾಂವ. ಕೊಂದಾಂವ ಈರ್ಯಾ. ಅವನ ಹೆಸರು ಆಟಕ್ಕ ಇಟ್ಟಾರೇನ್ರಿ?"

ಎಂ.ಎ. ತರಗತಿಯಿಂದ ಇಂದಿನವರೆಗೆ ಈ ಕೃತಿಯನ್ನು ಓದಿ, ಓದಿಸಿ, ಪ್ರಶ್ನೆಪತ್ರಿಕೆಯಲ್ಲಿ ಹತ್ತು ಅಂಕಕ್ಕೆ ಕೇಳಿದ ನಾನು ಇದನ್ನು ಗಮನಿಸಿರಲಿಲ್ಲ. ಹೆಸರಿನಲ್ಲಿಯೇ ಜನಪದರು ತೀರ್ಪು ಕೊಟ್ಟಿದ್ದರು. ನಮ್ಮ ಹಳ್ಳಿಗಳ ವೀರಗಲ್ಲುಗಳೂ ಹಾಗೆಯೇ ಅಲ್ಲವೇ? ತುರುಗಳನ್ನು ಕಾಯುತ್ತ ಸತ್ತವನಿಗೆ ಕಲ್ಲು ನಿಲ್ಲಿಸಿದರು. ಕೊಂದವನ ಹೆಸರಿನಲ್ಲಿ ಯಾರೂ ಕಲ್ಲು ನೆಡಲಿಲ್ಲ.

"ನಾ ನಲವತ್ತು ವರ್ಷ ಬಾಳ್ಯಾನ ಪಾತ್ರ ಮಾಡೀನ್ರಿ" ಎಂದು ಹಿರಿಯರು ಮುಂದುವರಿಸಿದರು. "ಆಟ ಮುಗದ ಮ್ಯಾಲ ಈರ್ಯಾನ ಪಾತ್ರದಾಂವಗ ಹೆಣ್ಣಮಕ್ಕಳು ಕರದು ಚಾ ಕೊಡತಿದ್ರು. ನನ್ನ ನೋಡಿ ಮಾರಿ ತಿರುವತಿದ್ರು. ಯಾಕ ಗೊತ್ತೇನ್ರಿ? ಈರ್ಯಾನಂಥಾಂವ ಊರಿಗೊಬ್ಬ ಇರತಾನ. ಬಾಳ್ಯಾ ಮನಿಗೊಬ್ಬ ಇರತಾನ. ಗೊತ್ತಿದ್ದೂ ಸುಮ್ಮನಿರಾಂವ."

ಅವರು ನಕ್ಕರು. ನನಗೆ ನಗೆ ಬರಲಿಲ್ಲ. ಬಸ್ಸಿನ ವೇಳೆಯಾಯಿತೆಂದು ಹೇಳಿ ಎದ್ದೆನು.

ಘಟಪ್ರಭಾ ಮಾರ್ಗವಾಗಿ ಹುಕ್ಕೇರಿಯತ್ತ ಬಸ್ಸು ಹೊರಟಾಗ ಮೋಡ ಕವಿದಿತ್ತು. ಹಿಂದಿನ ಕಾಲದಲ್ಲಿ ಇಂಥ ಸಂಜೆ ದಾರಿಯಲ್ಲಿದ್ದವರ ಪಾಡೇನಿತ್ತೋ ಎಂಬ ವಿಚಾರ ಬಂದಿತು. ಕೊರಳಿಗೆ ಉರುಲು ಬಿಗಿದು ದಾರಿಹೋಕರನ್ನು ಕೊಲ್ಲುತ್ತಿದ್ದ ಗುಂಪುಗಳ ಮೇಲೆ ರಿಚರ್ಡ್ ಷೆರ್‌ವುಡ್ ಎಂಬ ವೈದ್ಯನು ೧೮೧೬ರಲ್ಲಿ ಮದರಾಸಿನಲ್ಲಿ ಲೇಖನವೊಂದನ್ನು ಪ್ರಕಟಿಸಿದನು. ಕನ್ನಡಿಗರು ಅವರನ್ನು "ತಂತಿ ಕಳ್ಳರು" ಎನ್ನುತ್ತಾರೆಂದು ಅವನು ಬರೆದಿಟ್ಟಿದ್ದಾನೆ. ಶ್ರೀರಂಗಪಟ್ಟಣ ಬಿದ್ದ ೧೭೯೯ರಲ್ಲಿ ಬೆಂಗಳೂರಿನ ಸಮೀಪ ಅಂಥವರು ನೂರರಷ್ಟು ಮಂದಿ ಸೆರೆಯಾಗಿದ್ದರು. ಮುಂದೆ ೧೮೩೯ರಲ್ಲಿ, ನಮ್ಮ ಸುರಪುರದ ಆಡಳಿತಗಾರನಾಗಿ ಹೆಸರಾಗಲಿದ್ದ ಮೆಡೋಸ್ ಟೇಲರನು ಠಕ್ಕನೊಬ್ಬನ ಬಾಯಿಂದಲೇ ಹೇಳಿಸಿದ ಕಾದಂಬರಿಯನ್ನು ಬರೆದನು. ಇಂಗ್ಲೆಂಡಿನ ಓದುಗರು ಅದನ್ನು ಮೆಚ್ಚಿ ಓದಿದರು. ವಿಕ್ಟೋರಿಯಾ ರಾಣಿಯವರೆಗೂ ಅದರ ಖ್ಯಾತಿ ಮುಟ್ಟಿತು. ಕಂಪನಿಯ ಅಧಿಕಾರಿಗಳು ಠಕ್ಕರ ಕಥೆಯನ್ನು ಎಷ್ಟು ಹಿಗ್ಗಿಸಿದರೆಂಬುದನ್ನು ಇತಿಹಾಸಕಾರರು ಇಂದಿಗೂ ಚರ್ಚಿಸುತ್ತಾರೆ. ಅದೇನೇ ಇರಲಿ, 'ಠಗ್' ಎಂಬ ಶಬ್ದ ಇಂಗ್ಲಿಷ್ ನಿಘಂಟಿನಲ್ಲಿ ಕಾಯಂ ಆಗಿ ನೆಲೆಸಿತು. ಕಾಶಿಗೆಂದೋ ಪಂಢರಪುರಕ್ಕೆಂದೋ ಹೋಗಿ ಬಾರದೆ ಉಳಿದವರಿಗೆ ಯಾವ ನಿಘಂಟಿನಲ್ಲಿಯೂ ಜಾಗ ಸಿಗಲಿಲ್ಲ.

ಲಂಡನ್ನಿನಲ್ಲಿ ಆದದ್ದೂ ಇದೇ. ೧೮೮೮ರಲ್ಲಿ ಅಲ್ಲಿ ಬಡ ಹೆಂಗಸರನ್ನು ಕೊಂದವನು ಯಾರೆಂದು ಇಂದಿಗೂ ಗೊತ್ತಾಗಿಲ್ಲ. 'ಜ್ಯಾಕ್' ಎಂಬ ಹೆಸರು ಸುದ್ದಿಸಂಸ್ಥೆಯೊಂದಕ್ಕೆ ಬಂದ ಕಾಗದದಿಂದ ಹುಟ್ಟಿದ್ದು, ಆ ಕಾಗದವನ್ನು ಪತ್ರಕರ್ತನೇ ಬರೆದಿರಬೇಕೆಂದು ಹಲವರ ನಂಬಿಕೆ. ಕೊಂದವನಿಗೆ ಇಲ್ಲದ ಹೆಸರನ್ನು ಕೂಡ ಪತ್ರಿಕೆಗಳು ಮಾಡಿಕೊಟ್ಟವು. ಸತ್ತ ಐವರು ಹೆಂಗಸರ ಬಾಳನ್ನು ಮಾತ್ರ ಬರೆದ ಪುಸ್ತಕ, ಹ್ಯಾಲಿ ರೂಬನ್‌ಹೋಲ್ಡ್ ಅವರ 'ದಿ ಫೈವ್', ಬಂದದ್ದು ೨೦೧೯ರಲ್ಲಿ; ನೂರ ಮೂವತ್ತೊಂದು ವರ್ಷಗಳ ಅನಂತರ.

ಹುಕ್ಕೇರಿ ಸಮೀಪಿಸಿದಂತೆ ಬಸ್ಸಿನಲ್ಲಿ ಮರಾಠಿಯ ಮಾತು ಹೆಚ್ಚಿತು. ಸಂಕೇಶ್ವರದ ಹೆದ್ದಾರಿಯನ್ನು ಹಿಡಿದರೆ ಮುಂದೆ ನಿಪ್ಪಾಣಿ, ಅದರ ಮುಂದೆ ಕೊಲ್ಲಾಪುರ. ೧೯೯೬ರಲ್ಲಿ ಅದೇ ಕೊಲ್ಲಾಪುರದಲ್ಲಿ ತಾಯಿಯೊಬ್ಬಳೂ ಅವಳ ಇಬ್ಬರು ಹೆಣ್ಣುಮಕ್ಕಳಾದ ಗಾವಿತ್ ಸೋದರಿಯರೂ ಸೆರೆಯಾದರು. ಹದಿಮೂರು ಮಕ್ಕಳನ್ನು ಕದ್ದು, ಕಳವಿಗೆ ಬಳಸಿ, ಹಲವರನ್ನು ಕೊಂದರೆಂಬ ಆರೋಪ. ಅವರ ಗಲ್ಲುಶಿಕ್ಷೆ ೨೦೨೨ರ ಜನವರಿಯಲ್ಲಿ, ದಯಾ ಅರ್ಜಿಯ ವಿಳಂಬದ ಕಾರಣದಿಂದ, ಜೀವಾವಧಿಗೆ ಇಳಿಯಿತು. ನಾನು ಮಗುವಾಗಿದ್ದಾಗ "ಮಕ್ಕಳ ಕಳ್ಳಿ ಬಂದಾಳ" ಎಂದು ಹೆದರಿಸಿ ನಮ್ಮನ್ನು ಮನೆಯೊಳಗೆ ಕರೆಯುತ್ತಿದ್ದರು. ಆ ಭಯ ಮಕ್ಕಳನ್ನು ಜೋಪಾನ ಮಾಡುವಷ್ಟರಲ್ಲಿ ನಿಂತಿದ್ದರೆ ಒಳ್ಳೆಯದಿತ್ತು. ೨೦೧೮ರಲ್ಲಿ ಮಕ್ಕಳ ಕಳ್ಳರು ಬಂದರೆಂಬ ವದಂತಿ ವಾಟ್ಸ್ಆ್ಯಪ್‌ನಲ್ಲಿ ನಾಡೆಲ್ಲ ಹರಡಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದವನೊಬ್ಬನನ್ನು, ಜುಲೈಯಲ್ಲಿ ಬೀದರ ಜಿಲ್ಲೆಯ ಔರಾದ ತಾಲ್ಲೂಕಿನಲ್ಲಿ ಹೈದರಾಬಾದಿನ ತರುಣನೊಬ್ಬನನ್ನು ಜನ ಹೊಡೆದು ಕೊಂದರು. ಇಬ್ಬರೂ ನಿರಪರಾಧಿಗಳು. ಕೊಲೆಗಾರನ ಕಥೆಯನ್ನು ಕೇಳಿ ಕೇಳಿ ಬೆಳೆದ ಭಯವು ತಾನೇ ಕೊಲೆಗಾರನಾಯಿತು. ಆ ಜುಲೈಯಲ್ಲಿಯೇ, ಒಂದು ಸಂದೇಶವನ್ನು ಒಮ್ಮೆಗೆ ಐವರಿಗಿಂತ ಹೆಚ್ಚು ಜನಕ್ಕೆ ದಾಟಿಸದಂತೆ ಕಂಪನಿಯವರು ನಮ್ಮ ದೇಶದಲ್ಲಿ ಕಟ್ಟು ಹಾಕಿದರು.

ಅಪರಿಚಿತನನ್ನು ಕಂಡರೆ ಕಲ್ಲೆತ್ತುವ ನಾವು, ಮನೆಯ ಹೆಣ್ಣುಮಗಳು ಮರಳಿ ಬರದಿದ್ದರೆ ಬಾಯಿ ಮುಚ್ಚುತ್ತೇವೆ. ಇದೆಂಥ ಜಾಗರೂಕತೆ!

ಹುಕ್ಕೇರಿಯಲ್ಲಿ ಇಳಿದಾಗ ಬಿಜಾಪುರದ ಸುಲ್ತಾನರ ಕಾಲದ ಹಳೆಯ ಗುಮ್ಮಟಗಳು ಮಬ್ಬುಬೆಳಕಿನಲ್ಲಿ ಕಂಡವು. ಒಂದು ಕ್ಷಣ ಅವುಗಳ ಬಳಿ ಹೋಗಿ ನಿಲ್ಲಬೇಕೆನಿಸಿತು. ಅದು ಕೂಡ ನೆಪವೇ ಎಂದು ತಿಳಿದು ದೊಡ್ಡವ್ವನ ಮನೆಯ ಹಾದಿ ಹಿಡಿದೆನು.

ಇನ್ನು ವಾಚಕರಿಂದ ಮುಚ್ಚಿಡುವುದೇನೂ ಇಲ್ಲ. ದೊಡ್ಡವ್ವನಿಗೆ ಒಬ್ಬಳೇ ಮಗಳು. ನನಗಿಂತ ಆರು ವರ್ಷ ದೊಡ್ಡವಳು; ನನಗೆ ಅಕ್ಷರ ತಿದ್ದಿಸಿದ ಅಕ್ಕ. ೨೦೦೭ರ ಬೇಸಗೆಯಲ್ಲಿ ಒಂದು ಮಧ್ಯಾಹ್ನ ಸಂಕೇಶ್ವರಕ್ಕೆ ಹೊ��ಿಗೆ ಸಾಮಾನು ತರುತ್ತೇನೆಂದು ಹೋದವಳು ಮರಳಲಿಲ್ಲ. ದೊಡ್ಡಪ್ಪ ಮೂರು ದಿನ ತಾನೇ ಹುಡುಕಿದನು. ನಾಲ್ಕನೆಯ ದಿನ ಗೋಡೆಯ ಮೇಲಿನ ಭಾವಚಿತ್ರವನ್ನು ತೆಗೆದನು. ದೂರು ಕೊಡಲಿಲ್ಲ. "ಯಾರಾದ್ರೂ ಕೇಳಿದ್ರ ಪುಣೆಕ್ಕ ನೌಕರಿಗೆ ಹೋಗ್ಯಾಳ ಅನ್ನು" ಎಂದು ನನಗೂ ತಾಕೀತಾಯಿತು. ಹದಿನೆಂಟರ ಹುಡುಗನಾದ ನಾನು ಹಾಗೆಯೇ ಅಂದೆನು. ಇಪ್ಪತ್ತೈದಾದಾಗಲೂ ಅಂದೆನು, ನನ್ನ ಮದುವೆಯಲ್ಲಿ ಬೀಗರು ಕೇಳಿದಾಗಲೂ ಅಂದೆನು. ೨೦೦೯ರಲ್ಲಿ ಮಂಗಳೂರಿನ ಸುದ್ದಿ ಟಿ.ವಿ.ಯಲ್ಲಿ ಬಂದ ದಿನ ದೊಡ್ಡಪ್ಪ ಎದ್ದು ಅದನ್ನು ಆರಿಸಿದನೆಂದು ತಾಯಿ ಹೇಳಿದ್ದಳು. ಅಕ್ಕನಿಗೆ ಏನಾಯಿತೆಂದು ನಾನು ಬಲ್ಲೆನೆಂದು ಯಾರೂ ಭಾವಿಸಬಾರದು. ಎಲ್ಲಿಯೋ ಸುಖವಾಗಿ ಸಂಸಾರ ಮಾಡಿಕೊಂಡಿರಲೂಬಹುದು. ನಾವು ಹುಡುಕಲಿಲ್ಲವೆಂಬುದು ಮಾತ್ರ ನಿಶ್ಚಯ.

ದೊಡ್ಡಪ್ಪ ತೀರಿಕೊಂಡು ವರ್ಷವಾಗಿತ್ತು. ದೊಡ್ಡವ್ವ ಕೈಕಾಲು ತೊಳೆಯಲು ನೀರು ಕೊಟ್ಟು, ರೊಟ್ಟಿ, ಝುಣಕ ಬಡಿಸಿ, ನಾನು ತಂದ ಕರದಂಟನ್ನು ದೇವರ ಮುಂದಿಟ್ಟಳು. ಆಮೇಲೆ ನನ್ನ ಚೀಲದಿಂದ ಇಣುಕುತ್ತಿದ್ದ ಪತ್ರಿಕೆಯನ್ನು ನೋಡಿ ಕೇಳಿದಳು:

"ತಮ್ಮಾ, ಇವತ್ತಿಂದೇನು ಅದು? ಕಾಣಿಯಾದವ್ರದ್ದು ಇರತೈತಲ್ಲ, ಅದಿಷ್ಟು ಓದು."

ಅವಳಿಗೆ ಅಕ್ಷರ ಬಾರದು. ನೆರೆಮನೆಯ ಹುಡುಗಿಯಿಂದ ದಿನವೂ ಅದನ್ನೊಂದೇ ಓದಿಸಿಕೊಳ್ಳುತ್ತಾಳೆಂದು ಆಗ ತಿಳಿಯಿತು. ನಾನು ಓದಿದೆನು. ಎತ್ತರ, ಮೈಬಣ್ಣ, ಸೀರೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ, "ನಮ್ಮಾಕಿ ಐದು ಫೂಟ ಎರಡು ಇಂಚು ಇದ್ಲು" ಎಂದಳು.

ಹದಿನೆಂಟು ವರ್ಷಗಳಲ್ಲಿ ನನ್ನ ಎದುರು ಅವಳು ಆಡಿದ ಮೊದಲ ಮಾತದು. ನಾನು ತಲೆ ತಗ್ಗಿಸಿ, "ಪುಣೆಕ್ಕ ಹೋಗ್ಯಾಳ ಅಂತ ಎಲ್ಲಾರಿಗೂ ನಾನ ಹೇಳಿದೆ, ದೊಡ್ಡವ್ವ" ಎಂದೆನು.

"ನಾನೂ ಹೇಳೀನಿ, ತಮ್ಮಾ. ಹೇಳಿ ಹೇಳಿ ಒಮ್ಮೊಮ್ಮೆ ಖರೇನ ಅನಸ್ತಿತ್ತು."

ಬಹಳ ಹೊತ್ತು ಇಬ್ಬರೂ ಸುಮ್ಮನೆ ಕುಳಿತೆವು. ಆಮೇಲೆ ನಾನು ಹಾಳೆ, ಪೆನ್ನು ತೆಗೆದೆನು. ಕಾಣೆಯಾದವರ ದೂರಿಗೆ ಇಂತಿಷ್ಟೇ ದಿನದೊಳಗೆಂಬ ಗಡುವೇನೂ ಇಲ್ಲವೆಂದು ಅವಳಿಗೆ ತಿಳಿಸಿದೆನು. ಅವಳು ಹೇಳಿದಳು, ನಾನು ಬರೆದೆನು. ಎತ್ತರ ಐದು ಅಡಿ ಎರಡು ಅಂಗುಲ. ಗೋಧಿ ಬಣ್ಣ. ಎಡಗೈ ಮೇಲೆ ಹಂಚಿನಿಂದ ಸುಟ್ಟ ಕಲೆ. ಹಸಿರು ಬಣ್ಣದ ಇಳಕಲ್ ಸೀರೆ, ಕೆಂಪು ಸೆರಗು. ಕನ್ನಡ, ಮರಾಠಿ ಬರುತ್ತದೆ, ಹಾಡಲು ಬರುತ್ತದೆ. "ಹಾಡೂದು ಬರೀತಾರೇನೋ?" ಎಂದು ಸಂಶಯಪಟ್ಟಳು. ಬರೆಯೋಣವೆಂದೆನು. ಅಕ್ಕಿಯ ಡಬ್ಬದ ತಳದಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಭಾವಚಿತ್ರವನ್ನು ತಂದಳು. ಗೋಡೆಯಿಂದ ಇಳಿದ ಅದನ್ನು ಅಷ್ಟು ವರ್ಷವೂ ಅವಳು ಅಲ್ಲಿಯೇ ಕಾಪಾಡಿದ್ದಳು.

ಮರುದಿನ ಬೆಳಿಗ್ಗೆ ಇಬ್ಬರೂ ಠಾಣೆಗೆ ಹೋದೆವು. ಅಲ್ಲಿದ್ದ ತರುಣ ಅಧಿಕಾರಿ "ಇಷ್ಟು ವರ್ಷ ಯಾಕ ಬರಲಿಲ್ರಿ ಅವ್ವಾರ?" ಎಂದು ಮೆಲ್ಲನೆ ಕೇಳಿದನು. ದೊಡ್ಡವ್ವ ನನ್ನ ಮುಖವನ್ನು ನೋಡಿದಳು; ನಾನು ನೆಲವನ್ನು ನೋಡಿದೆನು. ಅವನು ಮತ್ತೆ ಕೇಳಲಿಲ್ಲ. ಹೆಸರು ಏನೆಂದನು. ಅವಳು ಹೇಳಿದಳು. ಗಟ್ಟಿಯಾಗಿ, ಇಡೀ ಹೆಸರು, ತಂದೆಯ ಹೆಸರಿನೊಡನೆ. ಅದನ್ನು ಇಲ್ಲಿ ಬರೆಯುವ ಅಧಿಕಾರ ನನ್ನದಲ್ಲ. ಅದು ಈಗ ಇರಬೇಕಾದ ಪುಸ್ತಕದಲ್ಲಿದೆ.

ಬಸ್ ನಿಲ್ದಾಣದವರೆಗೆ ನನ್ನನ್ನು ಕಳುಹಿಸಲು ಬಂದ ದೊಡ್ಡವ್ವ ಪತ್ರಿಕೆಯ ಅಂಗಡಿಯ ಮುಂದೆ ನಿಂತಳು. ತೂಗುಹಾಕಿದ್ದ ಪತ್ರಿಕೆಗಳನ್ನು ಒಂದೊಂದಾಗಿ ನೋಡಿದಳು.

"ಇದರಾಗ ಯಾವಾಗ ಬರತೈತಿ, ತಮ್ಮಾ?"

ಬಂದ ದಿನ ನಾನೇ ಓದಿ ಹೇಳುತ್ತೇನೆಂದು ಮಾತು ಕೊಟ್ಟು ಬಸ್ಸು ಹತ್ತಿದೆನು.